ಆ ಲೋಟ ಕುಡಿಯುವ ಮುಂಚೆ

ಕೇಳುಗರಿಗೆ ನಮಸ್ಕಾರ. ಮಾವಿನಹಣ್ಣಿನ ಸೀಕರಣೆ ಉಂಡರೆ, ಸೇಬು ತಿಂದರೆ, ಜೇನುತುಪ್ಪ ನೆಕ್ಕಿದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಡು ಅನ್ನುತ್ತದೆ. ಹಣ್ಣಿನಲ್ಲಿರುವ ಫ್ರಕ್ಟೋಸ್ ಅನ್ನೋ ಸಕ್ಕರೆಯನ್ನು ಸಣ್ಣಕರುಳು ಪೂರ್ತಿ ಹೀರಿಕೊಳ್ಳದಿದ್ದರೆ ಅದು ದೊಡ್ಡಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತವೆ, ಅದು ರಕ್ತಕ್ಕೆ ಸೇರಿ ಉಸಿರಲ್ಲಿ ಹೊರಬರುತ್ತದೆ. ಅದನ್ನು ಅಳೆಯುವುದೇ ಬ್ರೆತ್ ಟೆಸ್ಟ್. ಒಂದು ಲೋಟ ನೀರಿಗೆ 25 ಗ್ರಾಂ ಫ್ರಕ್ಟೋಸ್ ಬೆರೆಸಿ ಕುಡಿಸಿ, ಅರ್ಧ ಗಂಟೆಗೊಮ್ಮೆಯಂತೆ ಮೂರು ಗಂಟೆ ಊದಿಸುತ್ತೇವೆ. ಅಷ್ಟೇ.

ಆದರೆ ಆ ಲೋಟ ಕುಡಿಯುವ ಮುಂಚೆ, ಚಿಕ್ಕಂದಿನಿಂದ ಸಿಹಿ ನಿಮಗೆ ಒಗ್ಗುತ್ತದೋ ಇಲ್ಲವೋ ಅಂತ ಡಾಕ್ಟರಿಗೆ ಹೇಳಲೇಬೇಕು.

ಒಮ್ಮೆ ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ. ಇಪ್ಪತ್ತು ದಾಟಿದ ವಯಸ್ಸು. ಹಣ್ಣು ತಿಂದರೆ ಹೊಟ್ಟೆನೋವು ಅಂತ ಚೀಟಿಯಲ್ಲಿ ಬರೆದಿತ್ತು. ಸಿಸ್ಟರ್ ಲೋಟ ತಂದು ಮೇಜಿನ ಮೇಲಿಟ್ಟರು. ನಾನು ಬಾಯಿ ತೆರೆಸಿ ನೋಡಿದೆ, ಒಂದು ಹಲ್ಲೂ ಹುಳುಕಾಗಿಲ್ಲ. "ಸಿಹಿ ತಿನ್ನಲ್ವೇನಪ್ಪಾ?" ಅಂದೆ. ತಾಯಿ ನಕ್ಕರು. "ಅಯ್ಯೋ, ಹಬ್ಬದ ದಿನವೂ ಹೋಳಿಗೆ ಮುಟ್ಟಲ್ಲ ಸಾರ್, ಕೋಸಂಬರಿ ತಿಂದು ಏಳ್ತಾನೆ. ಮಗುವಾಗಿದ್ದಾಗ ರಾಗಿ ಸರಿಗೆ ಬೆಲ್ಲ ಹಾಕಿದರೆ ಸಾಕು, ವಾಂತಿ ಮಾಡಿಕೊಂಡು ಬೆವೆತು ಸುಸ್ತಾಗಿ ಮಲಗಿಬಿಡ್ತಿದ್ದ." ಲೋಟ ವಾಪಸ್ ಕಳಿಸಿದೆ. ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದೆವು, ಅನುಮಾನ ನಿಜವಾಯಿತು.

ಇದು ಬೇರೆಯೇ ಕಾಯಿಲೆ, ಹುಟ್ಟಿನಿಂದ ಬಂದದ್ದು. ತೊಂದರೆ ಕರುಳಿನದ್ದಲ್ಲ. ಲಿವರಿನಲ್ಲಿ ಫ್ರಕ್ಟೋಸ್ ಒಡೆಯುವ ಆಲ್ಡೊಲೇಸ್ ಬಿ ಅನ್ನೋ ಕಿಣ್ವ ಸರಿ ಇರುವುದಿಲ್ಲ. ಇಂಥವರು ಆ ಲೋಟ ಕುಡಿದರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು, ಲಿವರಿಗೂ ಪೆಟ್ಟು. ಅಡುಗೆಮನೆಯ ಸಕ್ಕರೆಯಲ್ಲೂ ಅರ್ಧ ಫ್ರಕ್ಟೋಸೇ ಇದೆ, ಹಣ್ಣು ಬಿಟ್ಟರೆ ಸಾಲದು. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಊದುವ ಪರೀಕ್ಷೆಗೆ ಮುಂಚೆ ಸಿಹಿಯ ಕಥೆ ಹೇಳಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಟೆಸ್ಟಿನ ಹಿಂದಿನ ದಿನ ಕಾಳು, ಸೊಪ್ಪು ಬೇಡ, ರಾತ್ರಿಗೆ ಬಿಳಿ ಅನ್ನ ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆ, ಬೀಡಿ ಸಿಗರೇಟು ಬೇಡ. ಆಂಟಿಬಯೋಟಿಕ್ ತಗೊಂಡಿದ್ದರೆ ನಾಲ್ಕು ವಾರ ಬಿಟ್ಟು ಬನ್ನಿ.

ಇನ್ನು ತಾಯಂದಿರಿಗೆ. ಎದೆಹಾಲು ಕುಡಿದು ಚೆನ್ನಾಗಿದ್ದ ಮಗು ಬೆಲ್ಲ, ಹಣ್ಣು ಶುರು ಮಾಡಿದ ಮೇಲೆ ಪದೇ ಪದೇ ವಾಂತಿ ಮಾಡಿದರೆ ಹಟ ಅಂದುಕೊಂಡು ಬಲವಂತವಾಗಿ ತುರುಕಬೇಡಿ. ಸಿಹಿ ನಿಲ್ಲಿಸಿ, ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.