ಕಂಪಾಸ್ ಬಾಕ್ಸಿನಲ್ಲಿ ಬಂದ ದಾಸವಾಳ

ಕೇಳುಗರೆಲ್ಲರಿಗೂ ನಮಸ್ಕಾರ.

ಆಗಸ್ಟ್ 30 ಬಂತು ಅಂದರೆ ಕರಾವಳಿಯ ಕಥೋಲಿಕ ಮನೆಗಳ ಮಕ್ಕಳ ಕಣ್ಣು ಅಕ್ಕಪಕ್ಕದ ಹೂಗಿಡಗಳ ಮೇಲೆ. ಅಲ್ಲಿಂದ ಸೆಪ್ಟೆಂಬರ್ 7ರವರೆಗೆ, ಒಂಬತ್ತು ದಿನ, ಬಾಲ ಮರಿಯಮ್ಮನಿಗೆ, ಅಂದರೆ ಯೇಸುವಿನ ತಾಯಿಯ ಮಗುವಿನ ರೂಪಕ್ಕೆ, ಹೂ ಅರ್ಪಿಸಬೇಕಲ್ಲ. 8ಕ್ಕೆ ಮೊಂತಿ ಫೆಸ್ತ್. ಮರಿಯಮ್ಮನ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಮೊಂತಿ ಅಂದರೆ ಗುಡ್ಡ. ಮಂಗಳೂರು ಬಳಿಯ ಫರಂಗಿಪೇಟೆಯ ಗುಡ್ಡದ ಮೇಲಿರುವ ಮೊಂತೆ ಮರಿಯಾನೊ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಹಬ್ಬಕ್ಕೆ ಈ ಹೆಸರು.

ನಾನು ತುಂಬಾ ವರ್ಷ ಭಾನುವಾರದ ದೊತೊರ್ನ್ ಪಾಠ ಮಾಡಿದವನು. ದೊತೊರ್ನ್ ಅಂದರೆ ಮಕ್ಕಳಿಗೆ ಕ್ರೈಸ್ತ ಧರ್ಮ ಕಲಿಸುವ ಕ್ಲಾಸು. ಬೈಬಲಿನ ಹತ್ತು ಕಟ್ಟಳೆಗಳನ್ನು ಮಕ್ಕಳು ರೈಲು ಬಿಟ್ಟ ಹಾಗೆ ಒಪ್ಪಿಸುತ್ತಿದ್ದರು. ಆರನೆಯದು ಯಾವುದು ಅಂತ ಕೇಳಿದರೆ ಮಾತ್ರ ಪುನಃ ಒಂದರಿಂದಲೇ ಶುರು. ನಮಗೆ ಅಷ್ಟೇ ಸಾಕಾಗಿತ್ತು ಅನ್ನಿ.

ಒಂದು ವರ್ಷ ನೊವೆನಾದ, ಅಂದರೆ ಆ ಒಂಬತ್ತು ದಿನಗಳ ಪ್ರಾರ್ಥನೆಯ, ಏಳನೇ ದಿನ ಜೋರು ಮಳೆ. ಉಳಿದ ಮಕ್ಕಳ ಬುಟ್ಟಿಯಲ್ಲಿ ಕೇಪಳ, ಗೌರಿಹೂ, ಅಂಗಡಿಯ ಸೇವಂತಿಗೆ. ಐದನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಸಾಲಿನ ಕೊನೆಯಲ್ಲಿ ನಿಂತು ಕಂಪಾಸ್ ಬಾಕ್ಸ್ ತೆರೆದ. ಒಳಗೆ ಸ್ಕೇಲಿನ ಪಕ್ಕ ಒಂದೇ ಒಂದು ದಾಸವಾಳ, ಜಜ್ಜಿಹೋಗಿತ್ತು. "ಸರ್, ಇದು ದಾಸವಾಳ ಅಂತ ಮರಿಯಮ್ಮನಿಗೆ ಗೊತ್ತಾಗ್ತದಾ?" ಅಂತ ಕೇಳಿದ. "ಗೊತ್ತಾಗ್ತದೆ, ಹಾಕು" ಅಂದೆ. ಹಾಕಿ ಬಂದು ಕೆಂಪಾದ ಕೈಯನ್ನು ಅಂಗಿಗೆ ಒರೆಸಿಕೊಂಡ. ನಾನು ಕಲಿಸಿದ್ದು ಅವನಿಗೆ ಎಷ್ಟು ನೆನಪಿದೆಯೋ ಏನೋ. ಆ ಹೂ ಮಾತ್ರ ಮರೆತಿರಲಾರ.

ಮಕ್ಕಳ ಕೈಗೆ ಏನಾದರೂ ಕೊಡಬೇಕು. ಹೂವೋ, ಮೇಣದಬತ್ತಿಯೋ, ಓದಲು ಒಂದು ವಾಚನವೋ. ಸುಮ್ನೆ ಕೈಕಟ್ಟಿ ಕೂರಿಸಿದರೆ ಅವರು ಗಡಿಯಾರ ನೋಡುತ್ತಾರೆ. ನಾನೂ ನೋಡುತ್ತಿದ್ದೆ.

ಮನೆಯಲ್ಲೂ ಹಾಗೆಯೇ. ಸಂಜೆ ತೇರ್ಸ್, ಅಂದರೆ ಜಪಸರ ಪ್ರಾರ್ಥನೆ, ಮುಗಿದ ಮೇಲೆ ಚಿಕ್ಕವರು ಹಿರಿಯರ ಬಳಿ ಹೋಗಿ "ಬೆಸಾಂವ್" ಕೇಳುವ ಪದ್ಧತಿ ನಮ್ಮದು. ಆಶೀರ್ವಾದ ಕೊಡಿ ಅಂತ. ಹಗಲಿಡೀ ಜಗಳ ಆಡಿದ ಅಪ್ಪನ ಎದುರೂ ಹೋಗಿ ನಿಲ್ಲಲೇಬೇಕು. 1784ರಿಂದ 1799ರವರೆಗೆ ಕರಾವಳಿಯ ನಮ್ಮ ಕಥೋಲಿಕರು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಊರಿನ ಇಗರ್ಜಿ ಎಲ್ಲಿಂದ ಬರಬೇಕು? ಅಮ್ಮನ ಬಾಯಿಂದ ಕೇಳಿದ್ದೇ ಅವರ ದೊತೊರ್ನ್ ಆಗಿರಬೇಕು. ಈಗ ತೇರ್ಸ್ ಹೊತ್ತಿಗೆ ಟೀವಿ ಇರುತ್ತದೆ, ಮೊಬೈಲೂ ಇರುತ್ತದೆ. ಬೈದು ಪ್ರಯೋಜನ ಇಲ್ಲ. ದೊಡ್ಡವರ ಕೈಯಲ್ಲೂ ಅದೇ ಇರುತ್ತದಲ್ವಾ?

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಅಜ್ಜಿಗೋಸ್ಕರ ಇಡೀ ಮನೆಯೇ ಪ್ರಾರ್ಥನೆ ಮಾಡಿತು. ಆದ್ರೂ ಯಾಕೆ ಹೋದ್ರು?" "ದೇವರ ಚಿತ್ತ" ಅಂದು ಪುಟ ತಿರುಗಿಸಿದೆ. ಅವಳು ಆಮೇಲೆ ಏನನ್ನೂ ಕೇಳಲಿಲ್ಲ. ನನಗೂ ಗೊತ್ತಿಲ್ಲ ಮಗಾ ಅಂದಿದ್ದರೆ ಏನಾಗುತ್ತಿತ್ತು? ದೃಢೀಕರಣ ಸಂಸ್ಕಾರ, ಅಂದರೆ ದೀಕ್ಷಾಸ್ನಾನದ ನಂಬಿಕೆಯನ್ನು ಗಟ್ಟಿ ಮಾಡುವ ವಿಧಿ, ಆದ ಮೇಲೆ ಹುಡುಗರು ಇಗರ್ಜಿ ಕಡೆ ಬರುವುದಿಲ್ಲ ಅಂತ ಎಲ್ಲ ಕಡೆ ದೂರು. ಎಷ್ಟೋ ಸಲ ಅವರು ಅದಕ್ಕೂ ಮೊದಲೇ ಹೋಗಿರುತ್ತಾರೆ, ಹೀಗೆ, ಬೆಂಚಿನ ಮೇಲೆ ಕೂತಿದ್ದಂತೆಯೇ.

ಮೊಂತಿ ಫೆಸ್ತ್ ದಿನ ಆ ಹುಡುಗರನ್ನು ನೋಡಬೇಕು. ವರ್ಷವಿಡೀ ಬಾಗಿಲ ಹೊರಗೆ ಬೈಕಿಗೆ ಒರಗಿ ಪೂಜೆ ಕೇಳುವವರು ಬೆಳಿಗ್ಗೆಯೇ ಬಂದು ಕಬ್ಬಿನ ಕಟ್ಟು ಇಳಿಸುತ್ತಿರುತ್ತಾರೆ. ಪೂಜೆ ಮುಗಿದು, ಮನೆಮನೆಗೂ ಆಶೀರ್ವದಿಸಿದ ತೆನೆ ಹಂಚಿ, ಹೂ ತಂದ ಮಕ್ಕಳೆಲ್ಲ ಕಬ್ಬಿಗೆ ಸಾಲು ನಿಲ್ಲುತ್ತಾರೆ. ಕಂಪಾಸ್ ಬಾಕ್ಸಿನ ಹುಡುಗನೂ ಆ ವರ್ಷ ನಿಂತಿದ್ದ. ಅವನ ಪಾಲಿಗೆ ಬಂದದ್ದು ಕಬ್ಬಿನ ತುದಿ.

"ಅಣ್ಣಾ, ಇದು ಸಪ್ಪೆ. ಬುಡದ್ದು ಕೊಡಿ" ಅಂದ.

ಅಣ್ಣ ಕಟ್ಟು ಬಿಚ್ಚಿ ಹುಡುಕತೊಡಗಿದ.