ಹಳೇ ಮ್ಯಾಸಿ ಇನ್ನೂ ಯಾಕೆ ಓಡ್ತಿದೆ

ಎಲ್ರಿಗೂ ನಮಸ್ಕಾರ. ಇವತ್ತಿನ ಮಾತು ಹಳೇ ಮ್ಯಾಸಿ ಫರ್ಗುಸನ್ 35 ಮತ್ತೆ 135 ಟ್ರ್ಯಾಕ್ಟರ್‌ಗಳ ಬಗ್ಗೆ, ನಮ್ಮ ಹೊಲಗಳಲ್ಲಿ ಓಡಾಡೋ 1035 ಕೂಡ ಅದೇ ವಂಶದ್ದು. ಆಗಿನ ಕಬ್ಬಿಣ ಗಟ್ಟಿ ಇತ್ತು ಬಿಡಿ ಅಂತಾರೆ ಜನ, ಇತ್ತು ನಿಜ, ಆದ್ರೆ ಕಬ್ಬಿಣ ಗಟ್ಟಿ ಇದ್ದ ಎಷ್ಟೋ ಗಾಡಿಗಳು ಗುಜರಿ ಸೇರಿ ಕಾಲ ಆಯ್ತು. ಮ್ಯಾಸಿ ಉಳಿದಿರೋದು ಕೆಟ್ಟಾಗ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಸರಿ ಮಾಡೋ ಹಾಗಿದೆ ಅನ್ನೋ ಕಾರಣಕ್ಕೆ.

ಮೊದ್ಲು ಇಂಜಿನ್. 35 ಶುರುವಾದಾಗ ಅದರ ಡೀಸೆಲ್ ಮಾಡೆಲ್‌ನಲ್ಲಿ ಸ್ಟ್ಯಾಂಡರ್ಡ್ ಕಂಪನಿಯ 4 ಸಿಲಿಂಡರ್ ಇಂಜಿನ್ ಇತ್ತು, ಇಂಗ್ಲೆಂಡಿನ ಚಳಿಯಲ್ಲಿ ಸ್ಟಾರ್ಟ್ ಮಾಡೋಕೆ ಒದ್ದಾಡ್ಬೇಕಿತ್ತು. 1959ರಲ್ಲಿ ಪರ್ಕಿನ್ಸ್ 3 ಸಿಲಿಂಡರ್ ಇಂಜಿನ್ ಕೂರಿಸಿದ್ರು, ಗಾಡಿ ಹಣೆಬರಹನೇ ಬದಲಾಯ್ತು. ಸುಮಾರು ಎರಡೂವರೆ ಲೀಟರ್ ಇಂಜಿನ್, ಬೋರ್ ಅಂದ್ರೆ ಸಿಲಿಂಡರ್ ಅಗಲ 91.4 ಮಿಮೀ, ಆದ್ರೆ ಸ್ಟ್ರೋಕ್ ಅಂದ್ರೆ ಪಿಸ್ಟನ್ ಓಡೋ ದೂರ 127 ಮಿಮೀ, ಅಂದ್ರೆ ಪಿಸ್ಟನ್ ಉದ್ದಕ್ಕೆ ಓಡಾಡುತ್ತೆ, ಅದ್ರಿಂದ ಕಮ್ಮಿ ಸ್ಪೀಡಲ್ಲೇ ಎಳೆತ ಸಿಗುತ್ತೆ, ಇಷ್ಟು ದೊಡ್ಡ ಇಂಜಿನ್‌ನಿಂದ ಕೇಳೋದು ಹೆಚ್ಚುಕಮ್ಮಿ 40 ಎಚ್‌ಪಿ ಅಷ್ಟೇ, ಹಾಗಾಗಿ ಒಳಗಿನ ಸಾಮಾನಿಗೆ ಸುಸ್ತಾಗಲ್ಲ. ಸವೆದ್ರೆ ಸಿಲಿಂಡರ್ ಒಳಗೆ ಕೂರೋ ಕೊಳವೆ, ಅಂದ್ರೆ ಲೈನರ್ ತೆಗೆದು ಹೊಸದು ಪ್ರೆಸ್ ಮಾಡಿ, ಪಿಸ್ಟನ್ನು ರಿಂಗು ಹಾಕಿದ್ರೆ ಅದೇ ಬ್ಲಾಕ್ ಇನ್ನೊಂದು ಜನ್ಮ ಓಡುತ್ತೆ. ಡೀಸೆಲ್ ಲೈನಲ್ಲಿ ಗಾಳಿ ಹಿಡೀತಾ? ಫಿಲ್ಟರ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಫೀಡ್ ಪಂಪ್‌ನ ಪುಟ್ಟ ಲಿವರ್‌ನ ಕೈಯಲ್ಲೇ ಒತ್ತುತಾ ಹೋಗಿ, ನೊರೆ ನೊರೆಯಾಗಿ ಬರೋ ಡೀಸೆಲ್ಲು ಗುಳ್ಳೆ ಇಲ್ದೆ ಸುರಿಯೋಕೆ ಶುರುವಾದಾಗ ಟೈಟ್ ಮಾಡಿ, ಆಮೇಲೆ ಇಂಜೆಕ್ಷನ್ ಪಂಪ್ ಹತ್ರನೂ ಹಾಗೇ. ಒಂದು ಸ್ಪ್ಯಾನರ್ ಸಾಕು, ಲ್ಯಾಪ್‌ಟಾಪ್ ಬೇಡ, ಸೆನ್ಸರ್ ಇಲ್ಲ.

ನನಗೆ ಇದೆಲ್ಲಕ್ಕಿಂತ ದೊಡ್ಡದು ಅನ್ಸೋದು ಹಿಂದುಗಡೆಯ ಲಿಫ್ಟ್. ಹ್ಯಾರಿ ಫರ್ಗುಸನ್ ಅನ್ನೋ ಐರ್ಲೆಂಡಿನ ಮನುಷ್ಯನ ತಲೆ ಅದು. ಅದಕ್ಕೂ ಮುಂಚೆ ನೇಗಿಲನ್ನ ಟ್ರ್ಯಾಕ್ಟರ್ ಹಿಂದೆ ಸುಮ್ನೆ ಕೊಂಡಿಗೆ ಹಾಕಿ ಎಳೆಸ್ತಿದ್ರು, ನೇಗಿಲು ಬಂಡೆಗೆ ಸಿಕ್ಕಿದ್ರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಿ ಡ್ರೈವರ್‌ಗಳು ಪ್ರಾಣ ಕಳ್ಕೊಂಡಿದ್ದಾರೆ. ಫರ್ಗುಸನ್ ನೇಗಿಲನ್ನ ಕೆಳಗೆ ಎರಡು, ಮೇಲೆ ಒಂದು, ಒಟ್ಟು ಮೂರು ಲಿಂಕಲ್ಲಿ ಗಾಡಿಗೇ ಸೇರಿಸಿಬಿಟ್ಟ. ಉಳುವಾಗ ಗಟ್ಟಿ ಮಣ್ಣು ಬಂತು ಅಂದ್ಕೊಳ್ಳಿ, ನೇಗಿಲು ಟಾಪ್ ಲಿಂಕನ್ನ ಮುಂದಕ್ಕೆ ತಳ್ಳುತ್ತೆ, ಅಲ್ಲಿರೋ ದಪ್ಪ ಸ್ಪ್ರಿಂಗ್ ಅಮುಕುತ್ತೆ, ಹೈಡ್ರಾಲಿಕ್ ವಾಲ್ವ್ ಸರಿದು ನೇಗಿಲು ತಾನಾಗೇ ಒಂಚೂರು ಮೇಲೇಳುತ್ತೆ, ನೇಗಿಲಿನ ಭಾರನೂ ಎಳೆತನೂ ಹಿಂದಿನ ಚಕ್ರದ ಮೇಲೆ ಕೂತು ಚಕ್ರಕ್ಕೆ ಹಿಡಿತ ಸಿಗುತ್ತೆ. ಹಗುರ ಗಾಡಿ ದೊಡ್ಡ ಗಾಡಿ ಕೆಲಸ ಮಾಡೋದು ಹೀಗೆ. ಇವತ್ತು ಯಾವ ಕಂಪನಿ ಟ್ರ್ಯಾಕ್ಟರ್ ನೋಡಿದ್ರೂ ಹಿಂದೆ ಅದೇ ಮೂರು ಲಿಂಕ್ ಇರುತ್ತೆ.

ನಮ್ಮಲ್ಲಿ ಹಬ್ಬಿದ್ದಕ್ಕೆ ಇನ್ನೊಂದು ಕಾರಣ ಇದೆ. 1960ರಲ್ಲಿ ಮದ್ರಾಸಲ್ಲಿ ಮ್ಯಾಸಿ ಟ್ರ್ಯಾಕ್ಟರ್ ಮಾಡೋ ಟಾಫೆ ಕಂಪನಿ ಶುರುವಾಯ್ತು, ಪರ್ಕಿನ್ಸ್ ಇಂಜಿನ್ನನ್ನ ಅಲ್ಲೇ ಸಿಂಪ್ಸನ್ ಕಂಪನಿ ಮಾಡ್ತಿತ್ತು, ಹಾಗಾಗಿ ಬಿಡಿಭಾಗಕ್ಕೆ ಇಂಗ್ಲೆಂಡ್ ಕಡೆ ನೋಡ್ಬೇಕಾಗ್ಲಿಲ್ಲ. ಸಾಮಾನು ಹತ್ರದಲ್ಲಿ ಸಿಕ್ಕಾಗ ಅದನ್ನ ಹಾಕೋ ಕೈಗಳೂ ಹುಟ್ಕೊಳ್ತವೆ, ಮೇಸ್ತ್ರಿ ಹತ್ರ ಕಲಿತ ಹುಡುಗ ಮುಂದೆ ತಾನೇ ಗ್ಯಾರೇಜ್ ಹಾಕ್ತಾನೆ.

ಹಾಗಂತ ಕಣ್ಮುಚ್ಚಿ ಹಳೇದು ತಗೋಬೇಡಿ. ಇವುಗಳಲ್ಲಿ ಬಹುಪಾಲಿಗೆ ಮಗುಚಿದಾಗ ಕಾಪಾಡೋ ರೋಲ್ ಬಾರ್ ಇಲ್ಲ, ಬ್ರೇಕ್ ಕೂಡ ಈಗಿನ ಲೋಡ್ ಟ್ರೇಲರ್‌ಗೆ ಸಾಲಲ್ಲ, ಇದು ನನಗೆ ನಿಜವಾಗ್ಲೂ ಚಿಂತೆ ಕೊಡೋ ವಿಷಯ. ಕೊಳ್ಳುವಾಗ ಪೇಂಟ್ ನೋಡ್ಬೇಡಿ. ಇಂಜಿನ್ ಬಿಸಿಯಾದ್ಮೇಲೆ ಒಳಗಿನ ಗಾಳಿ ಹೊರಬಿಡೋ ಬ್ರೀದರ್ ಪೈಪಲ್ಲಿ ಹೊಗೆ ಬುಸುಗುಡ್ತಿದ್ರೆ ರಿಂಗು, ಲೈನರ್ ಖರ್ಚು ಗ್ಯಾರಂಟಿ. ಕಲ್ಟಿವೇಟರ್ ಎತ್ತಿ ಇಂಜಿನ್ ಆಫ್ ಮಾಡಿ ನೋಡಿ, ದಡಕ್ಕನೆ ಕೆಳಗೆ ಇಳಿದ್ರೆ ಲಿಫ್ಟ್ ಒಳಗೆ ಸೀಲೋ ವಾಲ್ವೋ ಸೋರ್ತಿದೆ ಅಂತ, ಆ ರಿಪೇರಿ ಖರ್ಚು ಬೆಲೆಯಲ್ಲಿ ಮುರ್ಕೊಂಡೇ ಮಾತಾಡಿ.