ಬೊಂಬೆಯ ಕಾಯಿಲೆಯನ್ನು ಕಲಿಸುವುದು ಹೇಗೆ?

ಮಾನ್ಯರೇ,

ಪಿಯಾನೊ ಶಿಕ್ಷಕರಾಗಲಿರುವವರ ತರಬೇತಿಯಲ್ಲಿ ಭಾವಾಭಿವ್ಯಕ್ತಿಯ ಪ್ರಶ್ನೆಯನ್ನು ಒಂದೆರಡು ಪುಟ್ಟ ರಚನೆಗಳ ಮೂಲಕ ನೋಡೋಣ. ರಷ್ಯಾದ ಸಂಗೀತ ರಚನಕಾರ ಚೈಕೋವ್ಸ್ಕಿ 1878ರಲ್ಲಿ ಮಕ್ಕಳಿಗಾಗಿ ಬರೆದು ತಮ್ಮ ಸೋದರಳಿಯನಿಗೆ ಅರ್ಪಿಸಿದ 24 ರಚನೆಗಳ ಗುಚ್ಛದಲ್ಲಿ ಒಂದು ಬೊಂಬೆಗೆ ಕಾಯಿಲೆಯಾಗುತ್ತದೆ, ಅದರ ಶವಸಂಸ್ಕಾರ ನಡೆಯುತ್ತದೆ, ಮನೆಗೆ ಹೊಸ ಬೊಂಬೆಯೂ ಬರುತ್ತದೆ. ಬೆರಳಿಗೆ ಇವು ಅಷ್ಟೇನೂ ಕಠಿಣವಲ್ಲ; ಕಲಿಸುವುದು ಮಾತ್ರ ಕಠಿಣ.

‘ದುಃಖದಿಂದ ನುಡಿಸು’ ಎಂದು ಮಗುವಿಗೆ ಹೇಳಿ ನೋಡಿ. ಮಗು ಮುಖ ಸಪ್ಪಗೆ ಮಾಡುತ್ತದೆ, ಮೈ ತೂಗುತ್ತದೆ, ನಾದ ಮಾತ್ರ ಇದ್ದಂತೆಯೇ ಇರುತ್ತದೆ. ಇದರಲ್ಲಿ ಮಗುವಿನ ತಪ್ಪಿಲ್ಲ. ಪಿಯಾನೊದ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಮೇಲೆ ಆ ಸ್ವರವನ್ನು ಹಿಗ್ಗಿಸುವುದಾಗಲಿ ಬಾಗಿಸುವುದಾಗಲಿ ಸಾಧ್ಯವಿಲ್ಲ, ಅದು ಸವೆಯುತ್ತಲೇ ಹೋಗುತ್ತದೆ. ವೀಣೆಯ ಗಮಕ ಕೇಳಿ ಬೆಳೆದ ಕಿವಿಗೆ ಇದೊಂದು ಬಡತನವೆಂದೇ ತೋರೀತು. ಆದ್ದರಿಂದ ಇಲ್ಲಿ ಭಾವವು ಬೆರಳು ಕೆಳಗಿಳಿಯುವ ವೇಗದಲ್ಲಿ, ಒಂದು ಸ್ವರ ಮತ್ತೊಂದಕ್ಕಾಗಿ ಕಾಯುವ ಅಂತರದಲ್ಲಿ, ಕಾಲಿನಿಂದ ಒತ್ತಿದ ಪೆಡಲ್ ಬಿಡುವ ಹೊತ್ತಿನಲ್ಲಿ ನೆಲೆಸಿರುತ್ತದೆ. ಬೊಂಬೆಯ ಕಾಯಿಲೆಯ ರಚನೆಯಲ್ಲಿ ರಾಗದ ಸ್ವರಗಳ ನಡುವೆ ಮತ್ತೆ ಮತ್ತೆ ಬರುವ ಬಿಡುವುಗಳು ತಡೆತಡೆದು ಬರುವ ನಿಟ್ಟುಸಿರುಗಳು. ಅವನ್ನು ಎಣಿಕೆಯ ಲೆಕ್ಕವಾಗಿ ಮಾತ್ರ ಕೇಳಿಸಿಕೊಂಡ ಶಿಕ್ಷಕನಿಗೆ ‘ದುಃಖ’ ಎಂಬ ಪದ ಬಿಟ್ಟು ಹೇಳಲು ಬೇರೇನೂ ಉಳಿಯುವುದಿಲ್ಲ.

ತಾನು ಮಿಡಿಯದ ಸಂಗೀತಗಾರ ಇತರರನ್ನು ಮಿಡಿಸಲಾರ ಎಂಬ ಅರ್ಥದ ಮಾತನ್ನು ಜರ್ಮನ್ ಸಂಗೀತ ರಚನಕಾರ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಖ್ 1753ರಲ್ಲೇ ಬರೆದಿದ್ದಾರೆ. ವಾದಕನಿಗೆ ಆ ಮಾತು ಸಾಕು, ಶಿಕ್ಷಕನಿಗೆ ಸಾಲದು ಎಂದು ನನಗನ್ನಿಸುತ್ತದೆ. ತನ್ನ ಮಿಡಿತ ಬೆರಳಿಗೆ ಯಾವ ದಾರಿಯಲ್ಲಿ ಇಳಿಯಿತು ಎಂಬುದನ್ನು ಆತ ಬಲ್ಲವನಾಗಬೇಕು. ಅಷ್ಟೇ ಮುಖ್ಯವಾಗಿ, ಅದನ್ನು ಮಗುವಿನ ಮೇಲೆ ಹೇರದಿರಲು ಕಲಿಯಬೇಕು. ಶಿಕ್ಷಕರು ಒಂದೇ ಬಗೆಯಲ್ಲಿ ನುಡಿಸಿ ತೋರಿಸಿದರೆ ಮಗು ಅದನ್ನೇ ನಕಲು ಮಾಡುತ್ತದೆ. ಎರಡು ಬಗೆಯಲ್ಲಿ ನುಡಿಸಿ, ‘ಯಾವ ಬೊಂಬೆಗೆ ಕಾಯಿಲೆ ಜಾಸ್ತಿ?’ ಎಂದು ಕೇಳಿದರೆ ಮಗು ಕಿವಿಗೊಡಬೇಕಾಗುತ್ತದೆ.

ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದಲ್ಲಿ 1922ರಿಂದ ಪಿಯಾನೊ ಕಲಿಸಿದ ಹೈನ್ರಿಖ್ ನೈಗೌಸ್ ಅವರ ತರಗತಿಯಲ್ಲಿ ಒಬ್ಬರ ಪಾಠವನ್ನು ಉಳಿದವರು ಕುಳಿತು ಕೇಳುತ್ತಿದ್ದರು. ಹೆಸರಾಂತ ಪಿಯಾನೊ ವಾದಕರಾದ ರಿಕ್ಟರ್, ಗಿಲೆಲ್ಸ್ ಇಬ್ಬರೂ ಅವರ ಶಿಷ್ಯರೇ, ಆದರೆ ಒಬ್ಬರ ನುಡಿಸಾಣಿಕೆ ಇನ್ನೊಬ್ಬರದರಂತಿಲ್ಲ. ಇತರರ ಪಾಠ ಕೇಳುವ ಈ ಪದ್ಧತಿ ಶಿಕ್ಷಕರ ತರಬೇತಿಯಲ್ಲಿ ಕಡ್ಡಾಯವಾಗಬೇಕೆಂಬುದು ನನ್ನ ಅಭಿಪ್ರಾಯ. ಪರೀಕ್ಷೆಯ ದಿನವೂ ಅಭ್ಯರ್ಥಿಯ ಕೈಯಲ್ಲಿ ಸೊನಾಟಾದಂಥ ದೊಡ್ಡ ರಚನೆ ನುಡಿಸಿ ಕೇಳುವುದರ ಜೊತೆಗೆ, ಬೊಂಬೆಯ ಶವಸಂಸ್ಕಾರದ ರಚನೆಯನ್ನು ಇಬ್ಬರು ಮಕ್ಕಳಿಗೆ ಕಲಿಸಲು ಹೇಳೋಣ. ಒಂದು ಮಗು ಅದನ್ನು ಆಟವೆಂದುಕೊಂಡು ನಗಬಹುದು, ಇನ್ನೊಂದು ನಿಜಕ್ಕೂ ಗಂಭೀರವಾಗಬಹುದು. ಇಬ್ಬರ ನುಡಿಸಾಣಿಕೆಯೂ ಕೊನೆಗೆ ಒಂದೇ ತೆರನಾಗಿ ಕೇಳಿಸಿದರೆ ಅಭ್ಯರ್ಥಿಗೆ ಅಂಕ ಕಡಿಮೆ ಕೊಡೋಣ.